ನಾನು ಯಾರ ಹೆಸರನ್ನೂ ಹಾಕಿರಲಿಲ್ಲ

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಯಾರ ಹೆಸರನ್ನೂ ಹಾಕಿರಲಿಲ್ಲ. ಕಾರ್ಡಿನ ನಂಬರನ್ನೂ ಹಾಕಿರಲಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರೂ ಊರುಗಳಲ್ಲಿ ನನ್ನ ಬಗ್ಗೆ ಹಬ್ಬಿರುವ ಸುದ್ದಿಯಲ್ಲಿ ಅರ್ಧದಷ್ಟು ಸುಳ್ಳು. ಉಳಿದರ್ಧವನ್ನು ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವ ಬದಲು ನಾನೇ ಹೇಳಿಬಿಡುವುದು ಮೇಲು.

ನಮ್ಮದು ಬಳ್ಳಾರಿ ಕಂಟೋನ್ಮೆಂಟಿನ ಒಂದು ಹಳೆಯ ವಾಚನಾಲಯ. ಸರ್ಕಾರದ್ದಲ್ಲ, ಒಂದು ಟ್ರಸ್ಟಿನದು. ನಾನು, ಅಂದರೆ ಗಿರಿಜಾ, ಅಲ್ಲಿಯ ಗ್ರಂಥಪಾಲಕಿ. ಸಿರುಗುಪ್ಪದಲ್ಲಿ ಒಂದು, ಕುರುಗೋಡಿನಲ್ಲಿ ಒಂದು ಪುಟ್ಟ ಶಾಖೆಗಳಿದ್ದವು. ಅಲ್ಲಿಯವರು ಯಾವ ಪುಸ್ತಕ ಕೇಳಿದರೂ ನಾನು ಅದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಕಾರ್ಡಿನ ನಂಬರ್ ಬರೆದು, ತಗಡಿನ ಟ್ರಂಕಿನಲ್ಲಿ ಹಾಕಿ ಬೆಳಗಿನ ಬಸ್ಸಿಗೆ ಏರಿಸುತ್ತಿದ್ದೆ. ಪೇಪರ್ ಸುತ್ತುವ ಪದ್ಧತಿ ನನಗಿಂತ ಹಿಂದಿನವರು ಹಾಕಿಕೊಟ್ಟದ್ದು. ಪುಸ್ತಕಕ್ಕೆ ಧೂಳು ಕೂರದಿರಲಿ ಎಂದು ಹಾಗೆ ಮಾಡಿದ್ದಾರೆಂದು ನಾನು ತಿಳಿದಿದ್ದೆ. ಎಷ್ಟು ಓದಿದ್ದರೇನು, ತಿಳಿಯದ್ದು ತಿಳಿಯದ್ದೇ.

ಧೂಳಿಗೇನೂ ಕೊರತೆ ಇರಲಿಲ್ಲ ಬಿಡಿ. ಅದು ಗಣಿ ಭರ್ಜರಿಯಾಗಿ ನಡೆಯುತ್ತಿದ್ದ ಕಾಲ. ಬಳ್ಳಾರಿಯಲ್ಲಿ ಕೈಲಾದವರೆಲ್ಲ ಲಾರಿ ಕೊಂಡಿದ್ದರು, ಕೈಲಾಗದವರು ಲಾರಿ ಕೊಂಡವರಿಗೆ ಏನಾದರೂ ಮಾರುತ್ತಿದ್ದರು. ನನ್ನ ಯಜಮಾನರು ವೀರೇಶ ಅವರು ಟೈರು ಮಾರುತ್ತಿದ್ದರು. ನಾನು ಬೆಳಿಗ್ಗೆ ಬಿಳಿ ಸೀರೆ ಉಟ್ಟು ಹೋದರೆ ಸಂಜೆ ಅದೇ ಸೀರೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತಿತ್ತು. ಇಷ್ಟು ಗದ್ದಲದಲ್ಲಿ ಪುಸ್ತಕ ಓದಲು ಯಾರಿಗೆ ಪುರುಸೊತ್ತು? ಓದುವವರು ಕಡಿಮೆಯಾದರು. ಎರಡೂ ಶಾಖೆಗಳ ಕೋಣೆಗಳನ್ನು ಲಾರಿ ಆಫೀಸುಗಳಿಗೆ ಬಾಡಿಗೆಗೆ ಕೊಡೋಣವೆಂದು ಟ್ರಸ್ಟಿನ ಕೆಲವರು ಹೇಳಲು ಶುರುಮಾಡಿದರು.

ಟ್ರಸ್ಟಿನ ಅಧ್ಯಕ್ಷರು ಶರಣಬಸಪ್ಪನವರು, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡವರು, ಒಳ್ಳೆಯ ಮನುಷ್ಯರು. ವಾರ್ಷಿಕ ಸಭೆಯ ಹೊತ್ತಿಗೆ ಶಾಖೆಗಳನ್ನು ಜನ ಬಳಸುತ್ತಾರೆ ಎಂಬುದಕ್ಕೆ ಕಣ್ಣಿಗೆ ಕಾಣುವಂಥ ಸಾಕ್ಷಿ ತಂದರೆ ಟ್ರಂಕು ಉಳಿಯುತ್ತದೆ, ಇಲ್ಲದಿದ್ದರೆ ತಮ್ಮ ಕೈಯಲ್ಲೂ ಏನೂ ಇಲ್ಲ ಎಂದು ಹೇಳಿದರು. ಸಾಕ್ಷಿ ತಾನೆ? ತರೋಣ ಎಂದೆ. ಎಷ್ಟು ಸುಲಭವಾಗಿ ಹೇಳಿದೆ ನೋಡಿ!

ಕಂಪ್ಯೂಟರ್ ಸೆಂಟರ್ ನಡೆಸುವ ಮಂಜುನಾಥ ನಮಗೊಂದು ವೆಬ್‌ಸೈಟ್ ಮಾಡಿಕೊಟ್ಟರು. ಅಧ್ಯಕ್ಷರು ಎರಡೂ ಶಾಖೆಗಳಿಗೆ ಒಂದೊಂದು ಕಂಪ್ಯೂಟರ್ ಕೊಡಿಸಿದರು. ಸದಸ್ಯರು ಕಾರ್ಡಿನ ನಂಬರ್ ಒತ್ತಿ ಒಳಗೆ ಹೋಗಬೇಕು, ವಿಷಯ ಆರಿಸಬೇಕು, ಬೇಕಾದ ಪುಸ್ತಕ ಕೇಳಬೇಕು. ನಾನು ಬಳ್ಳಾರಿಯಲ್ಲಿ ಅದನ್ನು ನೋಡಿ ಟ್ರಂಕಿಗೆ ಹಾಕಬೇಕು. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈಗಲೂ ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ತಲೆ ಎತ್ತಿ ಓಡಾಡಬಹುದಿತ್ತು.

ಆದರೆ ಮಂಜುನಾಥ ನನಗೆ ಮಾತ್ರ ಕಾಣುವಂತೆ ಇನ್ನೊಂದು ಪುಟವನ್ನೂ ಮಾಡಿಟ್ಟಿದ್ದರು. ಯಾವ ಊರಿನವರು, ಯಾವ ವಿಷಯ ನೋಡಿದರು, ಎಷ್ಟು ಹೊತ್ತು ನೋಡಿದರು ಎಂಬುದೆಲ್ಲ ಅದರಲ್ಲಿ ಬಣ್ಣಬಣ್ಣದ ಕಂಬಗಳಾಗಿ ಎದ್ದು ನಿಲ್ಲುತ್ತಿತ್ತು. ನನಗೆ ಹುಚ್ಚೇ ಹಿಡಿಯಿತು. ಬೆಳಿಗ್ಗೆ ವಾಚನಾಲಯದ ಬೀಗ ತೆಗೆದವಳು ಕಸ ಗುಡಿಸುವ ಮೊದಲೇ ಕಂಬ ನೋಡುತ್ತಿದ್ದೆ. ಇಷ್ಟು ವರ್ಷ ಜನ ಪುಸ್ತಕ ಹಿಡಿದುಕೊಂಡು ಹೋಗುವುದನ್ನು ನೋಡಿದ್ದೆ. ಅವರ ಮನಸ್ಸಿನಲ್ಲಿ ಏನಿದೆ ಎಂಬುದು ಈಗ ಕಾಣುತ್ತಿತ್ತು. ಮನೆಗೆ ಬಂದು ಯಜಮಾನರ ಮುಂದೆ ಕಂಬಗಳ ವರದಿ ಒಪ್ಪಿಸುತ್ತಿದ್ದೆ. ಇವತ್ತು ಸಿರುಗುಪ್ಪದಲ್ಲಿ ಅಡುಗೆ ಇಳಿದಿದೆ, ಮನೆಮದ್ದು ಏರಿದೆ ಎಂದರೆ ಅವರು ರೊಟ್ಟಿ ಮುರಿಯುತ್ತಾ ಕೇಳುತ್ತಿದ್ದರು.

ಒಂದು ದಿನ ಮಾತ್ರ ಅವರು ಕೈ ತಡೆದು, ಇದು ಮಂದಿಯ ಗುಟ್ಟಲ್ಲವೇ, ಇದನ್ನೆಲ್ಲ ನಾವು ಮಾತಾಡಬಹುದೇ ಎಂದು ಕೇಳಿದರು. ನನಗೆ ರೇಗಿಹೋಯಿತು. ಗ್ರಂಥಾಲಯ ವಿಜ್ಞಾನದಲ್ಲಿ ಡಿಗ್ರಿ ಪಡೆದವಳಿಗೆ ಟೈರು ಮಾರುವವರು ಗೌಪ್ಯತೆಯ ಪಾಠ ಹೇಳುವುದೇ? ಓದುಗರ ಖಾಸಗಿತನವನ್ನು ಕಾಪಾಡುವುದು ಗ್ರಂಥಪಾಲಕರ ಆದ್ಯ ಕರ್ತವ್ಯ ಎಂಬ ವಿಷಯದ ಮೇಲೆ ಸುದೀರ್ಘ ಉಪನ್ಯಾಸ ಕೊಟ್ಟೆ. ಉಪನ್ಯಾಸ ಮುಗಿಯುವ ಹೊತ್ತಿಗೆ ಸಾರು ಆರಿತ್ತು. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಉಪನ್ಯಾಸಕ್ಕೆ ತಕ್ಕಂತೆ ನಡೆದುಕೊಂಡೆ ಕೂಡ. ವಾರ್ಷಿಕ ಸಭೆಗೆ ಮೊದಲೇ ಊರವರಿಗೆಲ್ಲ ನಮ್ಮ ಓದುಗರ ಹುಮ್ಮಸ್ಸು ಗೊತ್ತಾಗಲಿ ಎಂದು ‘ಈ ತಿಂಗಳು ನಮ್ಮ ಓದುಗರು’ ಎಂಬ ಪಟ್ಟಿ ತಯಾರಿಸಿದೆ. ಅದರಿಂದ ಹೆಸರು ತೆಗೆದೆ. ಕಾರ್ಡಿನ ನಂಬರ್ ತೆಗೆದೆ. ಊರು, ಕಸುಬು, ವಯಸ್ಸು, ಕೇಳಿದ ವಿಷಯ, ಇಷ್ಟನ್ನು ಮಾತ್ರ ಉಳಿಸಿದೆ. ವೆಬ್‌ಸೈಟಿನ ಮೊದಲ ಪುಟದಲ್ಲಿ ಹಾಕಿದೆ. ಕಂಪ್ಯೂಟರ್ ಬಾರದವರಿಗೆ ಅನ್ಯಾಯವಾಗಬಾರದೆಂದು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಮೂರೂ ಊರಿನ ಬೋರ್ಡುಗಳಿಗೆ ಅಂಟಿಸಲು ಕಳಿಸಿದೆ.

ಅದರಲ್ಲಿ ಹೀಗಿತ್ತು: ಕೊಳಗಲ್ಲು, ಜ್ಯೋತಿಷಿ, ಐವತ್ತು ದಾಟಿದವರು, ಜ್ಯೋತಿಷ್ಯದ ಮೊದಲ ಪಾಠಗಳು. ಸಿರುಗುಪ್ಪ, ಅಕ್ಕಿ ಗಿರಣಿ ಮಾಲೀಕರು, ಅರವತ್ತು ದಾಟಿದವರು, ಸಭಾಕಂಪನ ಹೋಗಲಾಡಿಸುವ ಬಗೆ. ಕುರುಗೋಡು, ಗೃಹಿಣಿ, ನಲವತ್ತು ದಾಟಿದವರು, ಎಸ್ಸೆಸ್ಸೆಲ್ಸಿ ಗಣಿತ. ಹೀಗೇ ಇನ್ನೂ ಹಲವು.

ಯಾರಿಗೆ ಏನು ಗೊತ್ತಾಗುತ್ತದೆ, ಹೇಳಿ? ಒಂದೇ ಒಂದು ಚಿಕ್ಕ ಸಂಗತಿ ನನಗೆ ಹೊಳೆದಿರಲಿಲ್ಲ. ಬಳ್ಳಾರಿ ಪಕ್ಕದ ಹಳ್ಳಿ ಕೊಳಗಲ್ಲಿನಲ್ಲಿ ನಮ್ಮ ವಾಚನಾಲಯದ ಕಾರ್ಡು ಇದ್ದದ್ದೇ ಒಬ್ಬರ ಹತ್ತಿರ!

ಆ ಒಬ್ಬರು ಮರುದಿನವೇ ಬಂದು ನನ್ನ ಮೇಜಿನ ಮುಂದೆ ಕುಳಿತರು. ಬೈಯಲಿಲ್ಲ. ಜಾತಕ ಬರೆಯಲು ಶುರುಮಾಡಿ ಎಷ್ಟೋ ವರ್ಷವಾಗಿದೆ, ಮೊದಲ ಪಾಠ ಮರೆತಿತ್ತು, ಒಮ್ಮೆ ತಿರುವಿ ಹಾಕೋಣ ಎಂದು ತರಿಸಿಕೊಂಡಿದ್ದೆ ಎಂದರು. ಬೋರ್ಡು ನೋಡಿದವನೊಬ್ಬ ತನ್ನ ಮಗಳ ಜಾತಕವನ್ನು ವಾಪಸು ಇಸಿದುಕೊಂಡು ಹೋದನಂತೆ. ಹೀಗಾಗುತ್ತದೆಂದು ನಿಮಗೆ ಮೊದಲೇ ಗೊತ್ತಾಗಲಿಲ್ಲವೇ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅವರು ಎದ್ದು ಹೋಗುವಷ್ಟರಲ್ಲಿ ಅಧ್ಯಕ್ಷರ ಫೋನು. ಯಾವುದೋ ಅಂಗಡಿ ಉದ್ಘಾಟನೆಗೆ ಹೋಗಿದ್ದರಂತೆ. ಮೈಕ್ ಹಿಡಿದ ಕೂಡಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ‘ಹೆದರಬ್ಯಾಡ್ರಿ ಸಾವಕಾರ್ರ, ನಾವ್ ನಿಮ್ಮವರೇ ಅದೀವಿ’ ಎಂದು ಧೈರ್ಯ ತುಂಬಿದರಂತೆ. ಮೊದಲು ಕೈ ಮಾತ್ರ ನಡುಗುತ್ತಿತ್ತು, ಈಗ ಕಾಲೂ ನಡುಗುತ್ತದೆ ಎಂದು ಅಧ್ಯಕ್ಷರು ಹೇಳಿದರು. ನಾನು ಯಾರ ಹೆಸರನ್ನೂ ಹಾಕಿಲ್ಲವಲ್ಲ ಸರ್ ಎಂದೆ. ಅವರು ಫೋನು ಇಟ್ಟುಬಿಟ್ಟರು.

ಇವೆರಡನ್ನೂ ನಾನು ತಮಾಷೆ ಎಂದು ತಳ್ಳಿಹಾಕುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ಕುರುಗೋಡಿನಿಂದ ಟ್ರಂಕು ವಾಪಸು ಬಂತು. ಒಳಗೆ ಗಣಿತದ ಪುಸ್ತಕವಿತ್ತು, ಸುತ್ತಿದ ಪೇಪರನ್ನೂ ಬಿಚ್ಚಿರಲಿಲ್ಲ. ಅದರ ಜೊತೆಗೆ ಒಂದು ಸದಸ್ಯತ್ವದ ಕಾರ್ಡು. ಶಮೀಮ್ ಬಾನು ಎಂಬ ಹೆಸರಿನದು. ಸದಸ್ಯತ್ವ ಬಿಟ್ಟಿದ್ದಾರೆ ಎಂದರ್ಥ.

ಕುರುಗೋಡಿನ ಶಾಖೆ ನೋಡಿಕೊಳ್ಳುವ ನಾಗಮ್ಮನಿಗೆ ಫೋನು ಮಾಡಿದೆ. ಶಮೀಮ್ ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಂಗಸು, ಗಂಡ ಲಾರಿಗಳಿಗೆ ವೆಲ್ಡಿಂಗ್ ಮಾಡುತ್ತಾನೆ, ಮಗಳು ಒಂಬತ್ತನೇ ತರಗತಿ ಎಂದು ನಾಗಮ್ಮ ತಿಳಿಸಿದಳು. ಹುಡುಗಿಯಾಗಿದ್ದಾಗ ಗಣಿತದಲ್ಲಿ ಫೇಲಾಗಿ ಶಾಲೆ ಬಿಟ್ಟವಳು, ಈಗ ಯಾರಿಗೂ ಹೇಳದೆ ಪರೀಕ್ಷೆಗೆ ಕಟ್ಟಿದ್ದಳು. ಮನೆಯಲ್ಲಿ ಕಥೆ ಪುಸ್ತಕ ಓದುತ್ತೇನೆ ಎಂದು ಹೇಳಿ ಗಣಿತ ಮಾಡುತ್ತಿದ್ದಳು. ಕುರುಗೋಡಿನಲ್ಲಿ ಗೃಹಿಣಿಯರಿಗೇನು ಬರವೇ? ಆದರೆ ವಾಚನಾಲಯದ ಕಂಪ್ಯೂಟರ್ ಮುಂದೆ ಕೂರುವ ಗೃಹಿಣಿ ಇವಳೊಬ್ಬಳೇ. ಬೋರ್ಡು ಓದಿದ ಓಣಿಯವರು ಹಾಲ್ ಟಿಕೆಟ್ ಬಂತೇ ಎಂದು ಕೇಳಲು ಶುರುಮಾಡಿದ್ದರು. ಮಗಳ ಜೊತೆ ಜಡೆ ಹಾಕಿಕೊಂಡು ಶಾಲೆಗೆ ಹೋಗು ಎಂದು ಒಬ್ಬಳು ನಕ್ಕಿದ್ದಳು.

ಆ ಹೆಂಗಸನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಪಾಲಿಗೆ ಅವಳು ಒಂದು ಹಸಿರು ಕಂಬವಾಗಿದ್ದಳು, ಅಷ್ಟೇ.

ಮರುದಿನ ಬಾಳೆಹಣ್ಣು ಕಟ್ಟಿಸಿಕೊಂಡು ಕುರುಗೋಡು ಬಸ್ಸು ಹತ್ತಿದೆ. ಮುಂದೆ ಲಾರಿ, ಹಿಂದೆ ಲಾರಿ. ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತುಗಳನ್ನು ಉರು ಹೊಡೆಯುತ್ತಾ ಹೋದೆ. ಶಾಖೆಯ ಎದುರಿಗೇ ಇದ್ದ ಶಮೀಮ್ ಮನೆಯ ಬಾಗಿಲಲ್ಲಿ ನಿಂತಾಗ ಒಂದೂ ನೆನಪಿಗೆ ಬರಲಿಲ್ಲ.

‘ಬರ್ರಿ ಅಕ್ಕಾರ, ಕುಂದರ್ರಿ’ ಎಂದು ಹೊಲಿಗೆ ಮಷೀನಿನ ಪಕ್ಕದ ಕುರ್ಚಿ ಖಾಲಿ ಮಾಡಿದಳು. ಚಹಾ ಕೊಟ್ಟಳು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು, ಅದೂ ಇಲ್ಲ. ಪರೀಕ್ಷೆಗೆ ಇನ್ನೂ ಸಮಯವಿದೆ, ಓದುವುದು ಬಿಡಬೇಡ ಎಂದೆ.

‘ಇಲ್ರಿ ಅಕ್ಕಾರ’ ಎಂದಳು. ‘ನಾ ಫೇಲ್ ಆದ್ರ ನನಗೊಬ್ಬಾಕಿಗೆ ಗೊತ್ತಿರ್ತಿತ್ತು. ಒಂದೀಟು ಅತ್ತು, ಮತ್ತ ಕಟ್ತಿದ್ದೆ. ಈಗ ಊರೆಲ್ಲಾ ನನ್ ಜೋಡಿ ಪರೀಕ್ಷಿ ಬರಿಯಾಕ ಕುಂತೈತಿ. ಅಷ್ಟು ಮಂದಿ ಮುಂದ ಫೇಲ್ ಆಗಾಕ ನನ್ ಕೈಲಿ ಆಗಂಗಿಲ್ಲ.’

ಪಟ್ಟಿಯನ್ನು ಈಗಲೇ ಬೋರ್ಡಿನಿಂದ ತೆಗೆಸುತ್ತೇನೆ ಎಂದೆ.

‘ಬೋರ್ಡ್ ಮ್ಯಾಲಿಂದ ತೆಗಿತೀರಿ. ಮಂದಿ ಬಾಯಾಗಿಂದ ಹೆಂಗ ತೆಗಿತೀರಿ? ನೀವು ಪೇಪರ್ ಸುತ್ತಿ ಕಳಸ್ತಿದ್ರಲ್ಲ, ಅದೇ ಚೊಲೋ ಇತ್ರಿ.’

ಪೇಪರ್ ಸುತ್ತುತ್ತಿದ್ದದ್ದು ಯಾವುದಕ್ಕೆ ಎಂದು ಆಗ ಅರ್ಥವಾಯಿತು. ನನಗೆ ಅಳು ಬಂತು. ಬಾಳೆಹಣ್ಣು ಅಲ್ಲಿಟ್ಟು ಎದ್ದು ಬಂದೆ.

ಇಲ್ಲಿಗೆ ಬುದ್ಧಿ ಬಂದು ಸುಮ್ಮನಾಗಬೇಕಿತ್ತು. ಆದರೆ ಬಸ್ಸಿನಲ್ಲಿ ಕುಳಿತವಳಿಗೆ ಒಂದು ಅಮೋಘ ಉಪಾಯ ಹೊಳೆಯಿತು. ಕುರುಗೋಡಿನಲ್ಲಿ ಗಣಿತ ಕೇಳಿದ ಗೃಹಿಣಿ ಒಬ್ಬಳೇ ಇದ್ದದ್ದರಿಂದ ತಾನೆ ಸಿಕ್ಕಿಬಿದ್ದದ್ದು? ಅಂಥವರು ಹಲವರು ಇದ್ದರೆ ಇವಳು ಯಾರೆಂದು ಯಾರಿಗೆ ಗೊತ್ತಾಗುತ್ತದೆ! ಒಬ್ಬಳನ್ನು ಗುಂಪಿನಲ್ಲಿ ಮರೆಮಾಡುವುದು. ನನ್ನ ಡಿಗ್ರಿ ವ್ಯರ್ಥವಾಗಲಿಲ್ಲ ಎನಿಸಿತು.

ವೆಬ್‌ಸೈಟ್ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಲು ಮಂಜುನಾಥ ಒಂದಷ್ಟು ಖಾಲಿ ಕಾರ್ಡುಗಳನ್ನು ಮಾಡಿಟ್ಟಿದ್ದರು. ಅವೆಲ್ಲಕ್ಕೂ ಕುರುಗೋಡು, ಗೃಹಿಣಿ, ನಲವತ್ತು ದಾಟಿದವರು ಎಂದು ತುಂಬಿದೆ. ಯಜಮಾನರನ್ನು ವಾಚನಾಲಯಕ್ಕೆ ಕರೆಸಿ ಕಂಪ್ಯೂಟರ್ ಮುಂದೆ ಕೂರಿಸಿದೆ. ಅವರು ಮೊದಲು ಒಲ್ಲೆ ಎಂದವರು ಆಮೇಲೆ ಎದ್ದೇಳಲೇ ಒಲ್ಲರು. ಒಂದು ಕಾರ್ಡಿನಲ್ಲಿ ಗಣಿತ, ಇನ್ನೊಂದರಲ್ಲಿ ವಿಜ್ಞಾನ, ಮತ್ತೊಂದರಲ್ಲಿ ಸಮಾಜ, ಹೀಗೆ ಒತ್ತುತ್ತಲೇ ಹೋದರು. ಸಾಕು ಎಂದರೆ, ‘ಇರು, ಈಕಿ ಪಾಪ ಇಂಗ್ಲಿಷಿನಾಗ ವೀಕ್ ಅದಾಳ’ ಎಂದು ಇಲ್ಲದ ಹೆಂಗಸಿನ ಮೇಲೆ ಮರುಕಪಟ್ಟು ಇನ್ನೊಂದು ಸಲ ಒತ್ತಿದರು.

ಹೊಸ ಪಟ್ಟಿ ಬೋರ್ಡಿಗೆ ಬಿತ್ತು. ಪರಿಣಾಮ ತಕ್ಷಣ ಕಂಡಿತು. ನಾಗಮ್ಮ ಹೇಳಿದ ಪ್ರಕಾರ, ಶಮೀಮಳನ್ನು ನೋಡಿ ನಕ್ಕ ಹೆಂಗಸರನ್ನೇ ಅವರವರ ಗಂಡಂದಿರು ಅನುಮಾನದಿಂದ ನೋಡಲು ಶುರುಮಾಡಿದರು. ಪಲ್ಯಕ್ಕೆ ಉಪ್ಪು ಹೆಚ್ಚಾದರೆ, ಗಣಿತದ ಕಡೆ ಲಕ್ಷ್ಯ ಹೋಗಿದೆಯೇನು ಎಂದು ಕೇಳುವಂತಾಯಿತು. ಜಡೆಯ ಮಾತಾಡಿದವಳು ತಾನು ಓದುತ್ತಿಲ್ಲವೆಂದು ಆಣೆ ಮಾಡಿದರೂ ಯಾರೂ ನಂಬಲಿಲ್ಲವಂತೆ. ನಾನು ಎರಡು ದಿನ ಹಾಯಾಗಿ ನಿದ್ದೆ ಮಾಡಿದೆ.

ಮೂರನೆಯ ದಿನ ವಾರ್ಷಿಕ ಸಭೆ. ಸಾಕ್ಷಿಯೆಂದು ನನ್ನ ಕಂಬಗಳ ಪುಟವನ್ನೇ ತೆರೆದು ತೋರಿಸಿದೆ.

ಬೇರೆಲ್ಲ ಊರಿನ ಕಂಬಗಳು ಮೊಣಕಾಲೆತ್ತರಕ್ಕಿದ್ದರೆ ಕುರುಗೋಡಿನ ಕಂಬ ಪರದೆಯ ಮೇಲೆ ಸೀದಾ ಮೇಲಕ್ಕೆ ಹೋಗಿ ತಲೆಬರಹಕ್ಕೆ ತಾಗಿತ್ತು. ಟ್ರಂಕು ನಿಲ್ಲಿಸಬೇಕೆಂದವರು ಬಾಯಿ ಮುಚ್ಚಿದರು. ಎರಡೂ ಶಾಖೆಗಳು ಉಳಿದವು. ನಾನು ಸೆರಗು ಸರಿಮಾಡಿಕೊಂಡು ಚಪ್ಪಾಳೆ ಸ್ವೀಕರಿಸುತ್ತಿದ್ದೆ. ಆಗ ಅಧ್ಯಕ್ಷರು ಎದ್ದು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. ತಮ್ಮ ತಾಯಿಗೆ ಓದುವ ಆಸೆ ಬಹಳ ಇತ್ತು, ಕೈಗೂಡಲಿಲ್ಲ, ಕುರುಗೋಡಿನ ಇಷ್ಟೊಂದು ತಾಯಂದಿರಿಗೆ ಹಾಗಾಗಬಾರದು ಎಂದರು. ಮುಂದಿನ ಭಾನುವಾರದಿಂದಲೇ ಅವರಿಗೆ ಎಸ್ಸೆಸ್ಸೆಲ್ಸಿ ಕ್ಲಾಸು, ರಿಟೈರಾದ ಗಣಿತದ ಮಾಸ್ತರರೊಬ್ಬರು ಪಾಠ ಹೇಳುತ್ತಾರೆ, ಉದ್ಘಾಟನೆಗೆ ನಾನೇ ಬರುತ್ತೇನೆ ಎಂದು ಘೋಷಿಸಿದರು. ಅಷ್ಟೂ ಮಾತನ್ನು ಕೈಕಾಲು ನಡುಗದೆ ಆಡಿದರು. ನಡುಕವೆಲ್ಲ ನನಗೆ ಬಂದಿತ್ತು!

ಭಾನುವಾರ ಕುರುಗೋಡಿನ ಶಾಖೆಯ ಮುಂದೆ ಶಾಮಿಯಾನ ಹಾಕಿದ್ದರು. ಕುರ್ಚಿಗಳು ಸಾಲಾಗಿದ್ದವು. ಮಾಸ್ತರರು ಬಂದರು, ಕಪ್ಪು ಹಲಗೆ ಬಂತು, ಅಧ್ಯಕ್ಷರೂ ಬಂದರು. ಕಂಬದಲ್ಲಿದ್ದ ತಾಯಂದಿರಲ್ಲಿ ಒಬ್ಬರೂ ಬರಲಿಲ್ಲ. ಎಲ್ಲಿಂದ ಬರುತ್ತಾರೆ? ಅವರೆಲ್ಲ ನನ್ನ ಯಜಮಾನರ ಬೆರಳಿನಿಂದ ಹುಟ್ಟಿದವರು. ರಸ್ತೆಯ ಆಚೆ ಮಾತ್ರ ತಮಾಷೆ ನೋಡಲು ಹೆಂಗಸರು ಗುಂಪುಗಟ್ಟಿ ನಿಂತಿದ್ದರು. ಅವರ ಹಿಂದೆ ಶಮೀಮ್ ತನ್ನ ಬಾಗಿಲಲ್ಲಿ ನಿಂತಿದ್ದಳು.

ತಾಯಂದಿರು ಎಲ್ಲಿ ಎಂದು ಅಧ್ಯಕ್ಷರು ಕೇಳಿದರು. ಸಂಕೋಚ ಸರ್, ಯಾರಾದರೂ ಮೊದಲು ಕುಳಿತರೆ ಉಳಿದವರು ಬರುತ್ತಾರೆ ಎಂದೆ. ಸಮಯಕ್ಕೆ ಸರಿಯಾಗಿ ಎಷ್ಟು ಚೆನ್ನಾಗಿ ಹೇಳಿದೆ ಎಂದು ಬೆನ್ನು ತಟ್ಟಿಕೊಳ್ಳುವ ಮೊದಲೇ ಅವರು, ‘ಹಂಗಾದ್ರ ನೀವೇ ಕುಂದರ್ರಿ ಅಮ್ಮಾರ’ ಎಂದರು. ನಾನು ಡಿಗ್ರಿ ಮುಗಿಸಿದವಳು ಎಂದು ತೊದಲಿದೆ. ಅದನ್ನು ಕಂಡು ಉಳಿದವರಿಗೆ ಇನ್ನೂ ಧೈರ್ಯ ಬರುತ್ತದೆ ಎಂದು ಅವರು ಮೈಕಿನಲ್ಲೇ ಉತ್ತರಿಸಿದರು. ಮೊದಲನೆಯ ಸಾಲಿನ ಮೊದಲನೆಯ ಕುರ್ಚಿಯಲ್ಲಿ ಕುಳಿತೆ. ಮಾಸ್ತರರು ಹಲಗೆಯ ಮೇಲೆ ಒಂದು ಲೆಕ್ಕ ಬರೆದು, ಬಂದು ಬಿಡಿಸಮ್ಮಾ ಎಂದು ಸೀಮೆಸುಣ್ಣ ಕೊಟ್ಟರು.

ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಯಾವ ಕಾಲದಲ್ಲೋ. ಆಮೇಲೆ ಕಲಾ ವಿಭಾಗ ಸೇರಿದ ಮುಖ್ಯ ಕಾರಣವೇ ಗಣಿತ. ಊರ ಮುಂದೆ ಹಲಗೆಯ ಹತ್ತಿರ ನಿಂತೆ. ಬರೆದೆ, ಒರೆಸಿದೆ, ಮತ್ತೆ ಬರೆದೆ. ಒಂದು ಹಂತದಲ್ಲಿ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು. ರಸ್ತೆಯ ಆಚೆ ಮೊದಲು ಕಿಸಕ್ಕೆಂದದ್ದು ಆಮೇಲೆ ಹೋ ಎಂಬ ನಗೆಯಾಯಿತು.

ಆಗ ಶಮೀಮ್ ದುಪಟ್ಟಾ ಸರಿಮಾಡಿಕೊಳ್ಳುತ್ತಾ ಗುಂಪನ್ನು ದಾಟಿ ಬಂದಳು. ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಎರಡು ಸಾಲಿನಲ್ಲಿ ಲೆಕ್ಕ ಮುಗಿಸಿದಳು. ಆಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, ಪಿಸುಮಾತಿನಲ್ಲಿ ಹೇಳಿದಳು: ‘ಇಷ್ಟು ಮಂದಿ ಮುಂದ ನೀವೇ ಫೇಲ್ ಆದ್ರಿ ಅಕ್ಕಾರ. ಇನ್ನ ನನಗೇನ್ ಅಂಜಿಕಿ.’

ನನ್ನ ಜೀವನದಲ್ಲಿ ಇಷ್ಟು ಅವಮಾನವೂ ಆಗಿರಲಿಲ್ಲ, ಇಷ್ಟು ಸಂತೋಷವೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಜಡೆಯ ಮಾತಾಡಿದ್ದ ಹೆಂಗಸೂ ಬಂದು ಹಿಂದಿನ ಕುರ್ಚಿಯಲ್ಲಿ ಕುಳಿತಳು. ಹೇಗಿದ್ದರೂ ಮನೆಯಲ್ಲಿ ನಂಬುತ್ತಿಲ್ಲ, ಓದಿಯೇಬಿಡುತ್ತೇನೆ ಎಂಬುದು ಅವಳ ವಾದ. ಇನ್ನೂ ಮೂರು ನಾಲ್ಕು ಜನ ಬಂದರು.

ಕ್ಲಾಸು ನಡೆಯಿತು. ಪ್ರತಿ ಭಾನುವಾರ ಬಸ್ಸು ಹತ್ತಿ ನಾನೂ ಹೋಗುತ್ತಿದ್ದೆ. ಬಿಡುವಂತಿರಲಿಲ್ಲ, ಅಧ್ಯಕ್ಷರು ನನ್ನ ಹಾಜರಿಯನ್ನು ಫೋನು ಮಾಡಿ ವಿಚಾರಿಸುತ್ತಿದ್ದರು. ಮಂಜುನಾಥರಿಗೆ ಹೇಳಿ ಆ ಕಂಬಗಳ ಪುಟವನ್ನು ಕಿತ್ತುಹಾಕಿಸಿದೆ. ಖಾಲಿ ಕಾರ್ಡುಗಳನ್ನೂ ಅಳಿಸಿದೆ. ಈಗ ಒಟ್ಟು ಎಷ್ಟು ಪುಸ್ತಕ ಹೋದವು ಎಂಬುದಷ್ಟೇ ಲೆಕ್ಕ. ಯಾರು, ಏನು, ಯಾಕೆ ಎಂಬುದು ನನಗೂ ಬೇಡ, ಬೋರ್ಡಿಗೂ ಬೇಡ.

ಪರೀಕ್ಷೆಗೆ ಮುಂಚೆ ಮಾಸ್ತರರು ಎಲ್ಲರಿಗೂ ಒಂದು ಟೆಸ್ಟ್ ಕೊಟ್ಟರು. ನನಗೆ ಬೇಡ ಎಂದರೂ ಕೇಳಲಿಲ್ಲ. ತಿದ್ದಿದ ಪೇಪರುಗಳನ್ನು ಹಂಚಲು ಶಮೀಮ್ ಕೈಗೆ ಕೊಟ್ಟರು. ನನ್ನ ಪೇಪರ್ ಬಂದಾಗ ಅವಳು ಒಮ್ಮೆ ನೋಡಿದಳು, ಗಟ್ಟಿಯಾಗಿ ಮಡಿಸಿದಳು, ಯಾರಿಗೂ ಕಾಣದಂತೆ ನನ್ನ ಚೀಲದೊಳಗೆ ಹಾಕಿದಳು. ಅಂಕದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಅವಳಿಗೆ ಮಾಡಿದ್ದನ್ನು ನೆನೆದು ತಲೆ ತಗ್ಗಿಸಿದೆ.

ಶಮೀಮ್ ಪಾಸಾದಳು. ಸಿಹಿ ತೆಗೆದುಕೊಂಡು ಬಳ್ಳಾರಿಗೆ ಬಂದವಳು ನಾನು ಸಿಗಲಿಲ್ಲವೆಂದು ನಮ್ಮ ಟೈರಿನ ಅಂಗಡಿಗೆ ಹೋದಳು. ನನ್ನ ಯಜಮಾನರು ಇದೇ ಸಮಯವೆಂದು, ಆ ಟೆಸ್ಟಿನಲ್ಲಿ ಗಿರಿಜಾಗೆ ಎಷ್ಟು ಬಂದಿತ್ತು, ನನ್ನ ಹತ್ತಿರ ಬಾಯಿ ಬಿಡುತ್ತಿಲ್ಲ, ಪಾಸೋ ಫೇಲೋ ಅಷ್ಟಾದರೂ ಹೇಳಮ್ಮಾ ಎಂದು ಕೇಳಿದರಂತೆ.

‘ಅದು ಅಕ್ಕಾರ ಸ್ವಂತ ವಿಷಯ ಐತ್ರಿ ಅಣ್ಣಾರ’ ಎಂದಳಂತೆ ಶಮೀಮ್. ‘ಸತ್ತರೂ ಹೇಳಂಗಿಲ್ಲ.’

ಸಂಜೆ ಯಜಮಾನರು ಮನೆಗೆ ಬಂದರು. ಏನೂ ಕೇಳಲಿಲ್ಲ. ನನ್ನ ಪಕ್ಕ ಕುಳಿತು, ಹೋಗಲಿ ಬಿಡು, ಎಲ್ಲರಿಗೂ ಎಲ್ಲ ಬರುವುದಿಲ್ಲ ಎಂದು ಬಹಳ ಮೆತ್ತಗೆ ಬೆನ್ನು ಸವರಿದರು!